ಯಾರೂ ಓಡಿಸದ ಚಾಂಪಿಯನ್‌ಶಿಪ್

1909ರಲ್ಲಿ ಅಮೆರಿಕದ ಮೋಟಾರ್ ರೇಸಿಂಗ್ ಚಾಂಪಿಯನ್ ಯಾರು ಅಂತ ಕೇಳಿದರೆ ಉತ್ತರ ಸುಲಭ, ಪಟ್ಟಿಯಲ್ಲೇ ಇದೆ: ಜಾರ್ಜ್ ರಾಬರ್ಟ್‌ಸನ್. ನಿಮ್ಮ ಕೈಗೆ ಸಿಕ್ಕಿದ್ದು ಸ್ವಲ್ಪ ಹಳೇ ಪಟ್ಟಿ ಆಗಿದ್ದರೆ ಬರ್ಟ್ ಡಿಂಗ್ಲಿ. ಆದರೆ 1909ರ ಡಿಸೆಂಬರ್ 31ರ ರಾತ್ರಿ ಇವರಿಬ್ಬರನ್ನೂ ಎದುರಿಗೆ ನಿಲ್ಲಿಸಿಕೊಂಡು "ಚಾಂಪಿಯನ್ ಯಾರ್ರಪ್ಪಾ ನಿಮ್ಮಲ್ಲಿ?" ಅಂತ ಕೇಳಿದ್ದರೆ ಇಬ್ಬರೂ ಮುಖ ಮುಖ ನೋಡ್ಕೊಂಡಿರೋರು. ಯಾಕೆಂದರೆ ಆ ವರ್ಷ ಚಾಂಪಿಯನ್‌ಶಿಪ್ ಅನ್ನೋದೇ ಇರಲಿಲ್ಲ. ಪಾಯಿಂಟ್ ಇರಲಿಲ್ಲ, ಪಟ್ಟ ಇರಲಿಲ್ಲ, ಸೀಸನ್ ಅನ್ನೋ ಕಲ್ಪನೆಯೂ ಸರಿಯಾಗಿ ಇರಲಿಲ್ಲ. ರೇಸುಗಳಿದ್ದವು ಅಷ್ಟೆ. ಒಂದು ಇಲ್ಲಿ, ಇನ್ನೊಂದು ಮೂರು ಸಾವಿರ ಮೈಲಿ ಆಚೆ.

ನಾವೆಲ್ಲ ಶುಕ್ರವಾರ ಸಂಜೆ ಟೈಮ್‌ಶೀಟ್ ತುಂಬೋರು. ಸೋಮವಾರ ಏನು ಮಾಡಿದ್ವಿ ಅನ್ನೋದು ಶುಕ್ರವಾರಕ್ಕೆ ಯಾರಿಗೆ ನೆನಪಿರುತ್ತೆ? ಆದರೂ ಎಂಟೆಂಟು ಗಂಟೆ ತುಂಬ್ತೀವಿ, ಸಬ್ಮಿಟ್ ಒತ್ತುತೀವಿ, ಅದು ದಾಖಲೆ ಆಗುತ್ತೆ. ಅಮೆರಿಕದ ರೇಸಿಂಗ್ ಇತಿಹಾಸದಲ್ಲೂ ಒಬ್ಬ ಮಹಾನುಭಾವ ಇದೇ ಕೆಲಸ ಮಾಡಿದ್ದಾನೆ. ವ್ಯತ್ಯಾಸ ಇಷ್ಟೇ, ಅವನು ತುಂಬಿದ್ದು ಹದಿನೆಂಟು ವರ್ಷ ಹಳೇ ಟೈಮ್‌ಶೀಟು. ಅದೂ ತನ್ನದಲ್ಲ, ಬೇರೆಯವರದು.

ಅವನ ಹೆಸರು ಆರ್ಥರ್ ಮೀನ್ಸ್. ಅಮೆರಿಕನ್ ಆಟೊಮೊಬೈಲ್ ಅಸೋಸಿಯೇಷನ್, ಅಂದರೆ ಎಎಎ, ಆಗ ಅಲ್ಲಿನ ರೇಸಿಂಗನ್ನು ನಡೆಸುತ್ತಿದ್ದ ಸಂಸ್ಥೆ. ಅದರ ಕಾಂಟೆಸ್ಟ್ ಬೋರ್ಡ್‌ನಲ್ಲಿ ಈತ ಕೆಲಸ ಮಾಡ್ತಿದ್ದ. 1905ರಲ್ಲಿ ಎಎಎ ಒಂದು ಸಲ ಪಾಯಿಂಟ್ ಲೆಕ್ಕದ ರಾಷ್ಟ್ರೀಯ ಚಾಂಪಿಯನ್‌ಶಿಪ್ ನಡೆಸಿ ಬಾರ್ನಿ ಓಲ್ಡ್‌ಫೀಲ್ಡ್‌ಗೆ ಪಟ್ಟ ಕಟ್ಟಿತು. ಆಮೇಲೆ ಕೈಬಿಟ್ಟಿತು. ಮತ್ತೆ ನಿಜವಾದ ಚಾಂಪಿಯನ್‌ಶಿಪ್ ಶುರುವಾಗಿದ್ದು 1916ರಲ್ಲಿ, ಆಗ ಗೆದ್ದವನು ಡಾರಿಯೊ ರೆಸ್ಟಾ. ನಡುವೆ ಖಾಲಿ. ಮಹಾಯುದ್ಧದ ಕಾಲದಲ್ಲಿ ಮತ್ತೊಂದಿಷ್ಟು ಖಾಲಿ. 1927ರಲ್ಲಿ ಮೀನ್ಸ್, ಬೋರ್ಡಿನ ಕಾರ್ಯದರ್ಶಿ ವಾಲ್ ಹೇರ್ಸ್‌ನೇಪ್ ಜೊತೆ ಕೂತು ಈ ಖಾಲಿ ಜಾಗಗಳನ್ನೆಲ್ಲ ತುಂಬಿದ. ಹಳೇ ರೇಸುಗಳ ಫಲಿತಾಂಶ ತೆಗೆದು, ಆಗ ಅಸ್ತಿತ್ವದಲ್ಲೇ ಇಲ್ಲದ ಪಾಯಿಂಟುಗಳನ್ನು ಹಂಚಿ, ಕೂಡಿ, 1909ರಿಂದ ಪ್ರತಿ ವರ್ಷಕ್ಕೂ ಒಬ್ಬೊಬ್ಬ ಚಾಂಪಿಯನ್‌ನನ್ನು ಹೊರಗೆ ತೆಗೆದ. 1909ಕ್ಕೆ ಬಂದ ಹೆಸರು ಬರ್ಟ್ ಡಿಂಗ್ಲಿ. 1950ರ ದಶಕದ ಆರಂಭದಲ್ಲಿ ರಸ್ ಕ್ಯಾಟ್ಲಿನ್ ಅನ್ನೋ ರೇಸಿಂಗ್ ಇತಿಹಾಸಕಾರ ಮತ್ತೆ ಲೆಕ್ಕ ಬಿಚ್ಚಿದ. 1909ರ ಪಟ್ಟವನ್ನು ಡಿಂಗ್ಲಿಯಿಂದ ತೆಗೆದು ರಾಬರ್ಟ್‌ಸನ್‌ಗೆ ಕೊಟ್ಟ. ಸಾಲದ್ದಕ್ಕೆ 1902ರವರೆಗೆ ಹಿಂದಕ್ಕೆ ಹೋಗಿ ಇನ್ನಷ್ಟು ಚಾಂಪಿಯನ್‌ಗಳನ್ನು ಹುಟ್ಟಿಸಿದ.

ಇದರ ಮಜಾ ಏನು ಅಂದ್ರೆ, ಪಟ್ಟ ಕೈ ಬದಲಾಗುವಾಗ ಇಬ್ಬರೂ ಬದುಕಿದ್ದರು. ರಾಬರ್ಟ್‌ಸನ್ ತೀರಿಕೊಂಡಿದ್ದು 1955ರಲ್ಲಿ, ಡಿಂಗ್ಲಿ 1966ರಲ್ಲಿ. ಕೇಳದೇ ಬಂದದ್ದನ್ನು ಒಬ್ಬ ಕೇಳದೇ ಕಳ್ಕೊಂಡ. ಇನ್ನೊಬ್ಬ ನಲವತ್ತು ವರ್ಷದ ನಂತರ, ಅವನೂ ಕೇಳದೇ, ಪಡ್ಕೊಂಡ.

ನಾನು ಈ ಪಟ್ಟಿಯನ್ನು ಒಂದು ಕೃತಿ ಅಂತ ಓದೋಕೆ ಇಷ್ಟಪಡ್ತೀನಿ. ಪಟ್ಟಿಗಳಿಗೆ ಲೇಖಕರಿರುತ್ತಾರೆ, ಅಭಿರುಚಿ ಇರುತ್ತೆ, ಹೇಳಬಾರದ್ದನ್ನು ಮುಚ್ಚಿಡೋ ಜಾಣತನವೂ ಇರುತ್ತೆ. ಕಾದಂಬರಿಯನ್ನಾದರೆ ನಾವು ಪ್ರಶ್ನೆ ಮಾಡ್ತೀವಿ. ಟೇಬಲ್ ಕಂಡ ತಕ್ಷಣ ತಲೆ ಬಾಗಿಸ್ತೀವಿ. ಅಂಕಿ ಅಂದ್ರೆ ಯಾರೂ ಬರೆದದ್ದಲ್ಲ, ತಾನೇ ಉದ್ಭವ ಆದದ್ದು ಅನ್ನೋ ಭಾವನೆ. ಮೀನ್ಸ್‌ನ ಪಟ್ಟಿಯಲ್ಲಿ ಉದ್ಭವಮೂರ್ತಿ ಯಾವುದೂ ಇಲ್ಲ, ಎಲ್ಲ ಕೆತ್ತಿದ್ದೇ. ಕೆತ್ತಿದ ಕಲ್ಲು ಹೇಗಿತ್ತು ಅಂತ ನೋಡೋಣ.

1909ರ ಜೂನ್ 12. ಅಮೆರಿಕದ ವಾಯವ್ಯ ಮೂಲೆಯ ಪೋರ್ಟ್‌ಲೆಂಡ್‌ನಲ್ಲಿ ಡಿಂಗ್ಲಿ ಚಾಮರ್ಸ್-ಡೆಟ್ರಾಯ್ಟ್ ಅನ್ನೋ ಕಾರಿನಲ್ಲಿ ಗೆದ್ದ. ಒಂದು ವಾರ ಕಳೆದು ಜೂನ್ 19ಕ್ಕೆ ಇಂಡಿಯಾನಾ ರಾಜ್ಯದ ಕ್ರೌನ್ ಪಾಯಿಂಟ್‌ನಲ್ಲಿ ಕೋಬ್ ಟ್ರೋಫಿ. ಜುಲೈನಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾ. ಆಗಸ್ಟ್‌ನಲ್ಲಿ ಇಂಡಿಯಾನಾಪೊಲಿಸ್. ಸೆಪ್ಟೆಂಬರ್‌ನಲ್ಲಿ ಮ್ಯಾಸಚೂಸೆಟ್ಸ್‌ನ ಲೋವೆಲ್. ಅಕ್ಟೋಬರ್‌ನಲ್ಲಿ ಫಿಲಡೆಲ್ಫಿಯಾದ ಫೇರ್‌ಮೌಂಟ್ ಪಾರ್ಕು, ತಿಂಗಳ ಕೊನೆಗೆ ನ್ಯೂಯಾರ್ಕ್ ಪಕ್ಕದ ಲಾಂಗ್ ಐಲೆಂಡ್‌ನಲ್ಲಿ ವಾಂಡರ್‌ಬಿಲ್ಟ್ ಕಪ್. ನವೆಂಬರ್‌ನಲ್ಲಿ ಅಟ್ಲಾಂಟಾದಲ್ಲಿ ಹೊಸ ಟ್ರ್ಯಾಕು, ಕೋಕಾ-ಕೋಲಾ ಸಾಹುಕಾರನ ಮಗ ಕಟ್ಟಿಸಿದ್ದು. ಒಂದು ದಂಡೆಯಿಂದ ಇನ್ನೊಂದು ದಂಡೆಗೆ ರೈಲಿನಲ್ಲಿ ದಿನಗಟ್ಟಲೆ ಪ್ರಯಾಣ, ಕಾರನ್ನೂ ರೈಲಿಗೇ ಹೇರಬೇಕು. ಎಲ್ಲ ಕಡೆ ಹೋಗಿ ಎಲ್ಲದರಲ್ಲೂ ಓಡಿಸಿ ಪಾಯಿಂಟ್ ಕೂಡಿಸ್ಕೋಬೇಕು ಅನ್ನೋ ಯೋಚನೆ ಯಾರ ತಲೆಗೂ ಬರೋ ಕಾರಣ ಇರಲಿಲ್ಲ. ಕಾರಿನ ಕಂಪನಿ ಎಲ್ಲಿಗೆ ಕಳಿಸಿತೋ ಅಲ್ಲಿಗೆ ಹೋಗೋದು, ಗೆದ್ದರೆ ಮಾರನೇ ದಿನದ ಪೇಪರಲ್ಲಿ ಕಂಪನಿಯ ಜಾಹೀರಾತು.

ಮತ್ತೆ ಎರಡನೇ ಸ್ಥಾನಕ್ಕೆ ಇದ್ದ ಬೆಲೆಯೇ ಕಡಿಮೆ, ಏಳನೇ ಸ್ಥಾನಕ್ಕಂತೂ ಸೊನ್ನೆ. 1908ರ ವಾಂಡರ್‌ಬಿಲ್ಟ್ ಕಪ್ ತಗೊಳ್ಳಿ. ಗೆದ್ದ ರಾಬರ್ಟ್‌ಸನ್, ಅವನ ಹಿಂದೆ ಬಂದ ಎರಡನೆಯವನು, ಇಬ್ಬರು ಗೆರೆ ದಾಟಿದ್ದೇ ತಡ, ಜನ ರಸ್ತೆಗೆ ನುಗ್ಗಿಬಿಟ್ಟರು. ರೇಸ್ ನಿಲ್ಲಿಸಬೇಕಾಯಿತು. ಉಳಿದವರು ಎಷ್ಟನೆಯವರು ಅಂತ ಯಾರು ನೋಡೋರು? ಯಾರಿಗೆ ಬೇಕಿತ್ತು? ಇಂಥ ಕಾಲದ ಐದನೇ, ಆರನೇ ಸ್ಥಾನಗಳಿಗೆ ಆಫೀಸಲ್ಲಿ ಕೂತು ಪಾಯಿಂಟ್ ಕೊಡೋದು ಅಂದ್ರೆ, ಆಟದ ನಿಯಮ ಹೇಳದೇ ಆಡಿಸಿ, ಮನೆಗೆ ಹೋದ ಮೇಲೆ ಸ್ಕೋರ್ ಕಳಿಸಿದ ಹಾಗೆ. ವರ್ಷ ಮುಗಿದ ಮೇಲೆ ಗುರಿ ನಿಗದಿ ಮಾಡಿ "ನೀನು ತಲುಪಲಿಲ್ಲ" ಅನ್ನೋ ಅಪ್ರೈಸಲ್‌ಗಳನ್ನು ನೋಡಿದವರಿಗೆ ಇದನ್ನು ಜಾಸ್ತಿ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ತೊಡಕು. ಒಂದೇ ದಿನ, ಒಂದೇ ಊರಲ್ಲಿ, ಭಾರಿ ಕಾರುಗಳಿಗೆ ಒಂದು ರೇಸು, ಸಣ್ಣ ಕಾರುಗಳಿಗೆ ಬೇರೆ ರೇಸು. ಸಾಂಟಾ ಮೋನಿಕಾದಲ್ಲಿ ದೊಡ್ಡ ಕಾರುಗಳಲ್ಲಿ ಹ್ಯಾರಿಸ್ ಹಾನ್‌ಶೂ ಗೆದ್ದ, ಸಣ್ಣ ಕಾರುಗಳಲ್ಲಿ ಡಿಂಗ್ಲಿ. ಇವೆರಡೂ ಒಂದೇ ತೂಕವಾ? ಬಾಕ್ಸಿಂಗ್‌ನಲ್ಲಿ ಫ್ಲೈವೇಟ್ ಗೆದ್ದವನನ್ನೂ ಹೆವಿವೇಟ್ ಗೆದ್ದವನನ್ನೂ ಕೂಡಿ ಭಾಗಿಸಿ "ವರ್ಷದ ಬಾಕ್ಸರ್" ಮಾಡೋಕಾಗುತ್ತಾ? ಮಾಡಬಹುದು, ಆದರೆ ಅದು ಅಭಿಪ್ರಾಯ. ಅಭಿಪ್ರಾಯ ಅಂತ ಹೇಳಿದ್ದಿದ್ರೆ ನನ್ನ ತಕರಾರೇ ಇರ್ತಿರಲಿಲ್ಲ.

ಕೋಬ್ ಟ್ರೋಫಿ ಬಗ್ಗೆ ಎರಡು ಮಾತು ಹೇಳಲೇಬೇಕು. ಹಳ್ಳಿ ರಸ್ತೆಗಳ ಮೇಲೆ 395 ಮೈಲಿಯ ರೇಸು. ಬೆಂಗಳೂರಿಂದ ಹೊರಟರೆ ಪುಣೆ ತನಕದ ಮುಕ್ಕಾಲು ದಾರಿ, ಅದೂ ಧೂಳಿನ ದಾರಿ. ಗೆದ್ದವನು ಬ್ಯುಯಿಕ್ ಓಡಿಸಿದ ಲೂಯಿ ಷೆವರ್ಲೆ. ಹೌದು, ಅದೇ ಷೆವರ್ಲೆ. ನಮ್ಮ ಅಪಾರ್ಟ್‌ಮೆಂಟ್‌ಗಳ ಬೇಸ್‌ಮೆಂಟಲ್ಲಿ ಇವತ್ತಿಗೂ ಧೂಳು ತಿನ್ನುತ್ತಾ ನಿಂತಿರೋ ಬೀಟ್, ಸ್ಪಾರ್ಕ್ ಕಾರುಗಳ ಮೂತಿ ಮೇಲಿರೋ ಹೆಸರು. 2017ರ ಕೊನೆಗೆ ಕಂಪನಿ ಇಲ್ಲಿ ಮಾರಾಟ ನಿಲ್ಲಿಸಿತು. ಆ ಹೆಸರಿನ ಹಿಂದೆ ಸ್ವಿಟ್ಜರ್‌ಲೆಂಡ್‌ನಲ್ಲಿ ಹುಟ್ಟಿ, ಅಮೆರಿಕಕ್ಕೆ ಬಂದು, ಗ್ರೀಸ್ ಮೆತ್ತಿದ ಕೈಯಲ್ಲಿ ರೇಸ್ ಓಡಿಸ್ತಿದ್ದ ಒಬ್ಬ ಮನುಷ್ಯ ಇದ್ದ ಅನ್ನೋದು ಸರ್ವಿಸ್ ಸೆಂಟರ್‌ನಲ್ಲಿ ಯಾರೂ ಹೇಳಿರಲಿಲ್ಲ ಬಿಡಿ.

ಆ ದಿನ ಷೆವರ್ಲೆಗಿಂತ ಬರೀ ಒಂದು ನಿಮಿಷದಷ್ಟು ಹಿಂದೆ ಎರಡನೆಯವನಾಗಿ ಬಂದವನು ನಾಕ್ಸ್ ಕಾರಿನ ವಿಲಿಯಂ ಬೋರ್ಕ್. 395 ಮೈಲಿ ಓಡಿಸಿ ಒಂದು ನಿಮಿಷದ ಸೋಲು. ಈ ಹೆಸರನ್ನು ಸ್ವಲ್ಪ ಹೊತ್ತು ನೆನಪಲ್ಲಿ ಇಟ್ಕೊಳ್ಳಿ.

ಈಗ ಇಂಡಿಯಾನಾಪೊಲಿಸ್. ಕಾರ್ಲ್ ಫಿಶರ್ ಮತ್ತು ಅವನ ಮೂವರು ಪಾಲುದಾರರು ಊರಾಚೆಯ ಹೊಲದಲ್ಲಿ ಎರಡೂವರೆ ಮೈಲಿ ಸುತ್ತಳತೆಯ ಟ್ರ್ಯಾಕ್ ಕಟ್ಟಿದರು. ಮೇಲ್ಮೈ ಜಲ್ಲಿಕಲ್ಲು, ಅದರ ಮೇಲೆ ಟಾರು. ಉದ್ಘಾಟನೆಯ ಕಾರ್ ರೇಸುಗಳು 1909ರ ಆಗಸ್ಟ್ 19, 20, 21. ಬಿಸಿಲಿಗೆ ಟಾರು ಮೆತ್ತಗಾಯಿತು, ಚಕ್ರಗಳಿಗೆ ಜಲ್ಲಿ ಎದ್ದು ಬಂತು. ಮುಂದಿನ ಕಾರು ಹಾರಿಸಿದ ಕಲ್ಲು ಹಿಂದಿನವನ ಮುಖಕ್ಕೆ. ಹೆಲ್ಮೆಟ್ ಅನ್ನೋದು ಇಲ್ಲ, ಬಟ್ಟೆಯ ಟೋಪಿ ಮತ್ತು ಕನ್ನಡಕ. ಪ್ರತಿ ಕಾರಿನಲ್ಲೂ ಡ್ರೈವರ್ ಪಕ್ಕ ಒಬ್ಬ ಮೆಕ್ಯಾನಿಕ್ ಕೂತಿರ್ತಿದ್ದ. ಎಣ್ಣೆ ಪಂಪ್ ಮಾಡೋದು, ಟೈರ್ ನೋಡೋದು, ಹಿಂದೆ ಯಾರು ಬರ್ತಿದ್ದಾರೆ ಅಂತ ಹೇಳೋದು ಅವನ ಕೆಲಸ. ಸೀಟ್‌ಬೆಲ್ಟ್ ಇಲ್ಲ, ಹಿಡ್ಕೊಂಡು ಕೂರೋದಷ್ಟೆ.

ಮೊದಲ ದಿನವೇ, ಪ್ರೆಸ್ಟ್-ಒ-ಲೈಟ್ ಟ್ರೋಫಿಯ 250 ಮೈಲಿ ರೇಸಿನಲ್ಲಿ, ಬೋರ್ಕ್‌ನ ನಾಕ್ಸ್ ಕಾರು ಮಗುಚಿತು. ಬೋರ್ಕ್ ಸತ್ತ. ಪಕ್ಕದಲ್ಲಿದ್ದ ಮೆಕ್ಯಾನಿಕ್ ಹ್ಯಾರಿ ಹೋಲ್ಕೊಂಬ್ ಕೂಡ ಸತ್ತ. ರೇಸ್ ಮುಂದುವರೆಯಿತು, ಬಾಬ್ ಬರ್ಮನ್ ಗೆದ್ದ. ಮೂರನೇ ದಿನ 300 ಮೈಲಿಯ ವೀಲರ್-ಷೆಬ್ಲರ್ ಟ್ರೋಫಿ. ಚಾರ್ಲಿ ಮರ್ಜ್‌ನ ನ್ಯಾಷನಲ್ ಕಾರಿನ ಟೈರ್ ಸಿಡಿದು ಕಾರು ಬೇಲಿ ಹಾರಿ ಜನರ ನಡುವೆ ಬಿತ್ತು. ಇಬ್ಬರು ಪ್ರೇಕ್ಷಕರು, ಜೊತೆಗೆ ಮೆಕ್ಯಾನಿಕ್ ಕ್ಲಾಡ್ ಕೆಲ್ಲಮ್. ಕೆಲ್ಲಮ್ ಆ ಕಾರಿನ ಖಾಯಂ ಮೆಕ್ಯಾನಿಕ್ ಕೂಡ ಅಲ್ಲ, ರೇಸಿನ ನಡುವೆ ಬೇರೊಬ್ಬನ ಬದಲಿಗೆ ಹತ್ತಿದ್ದವನು. ಮರ್ಜ್‌ಗೆ ದೊಡ್ಡ ಗಾಯವೇ ಆಗಲಿಲ್ಲ. ಸ್ವಲ್ಪ ಹೊತ್ತಿನಲ್ಲೇ ಇನ್ನೊಂದು ಕಾರು, ಬ್ರೂಸ್ ಕೀನ್‌ನದ್ದು, ಪಾದಚಾರಿ ಸೇತುವೆಯ ಕಂಬಕ್ಕೆ ಬಡಿಯಿತು. ಸಾಕು ಅಂತ ಅಧಿಕಾರಿಗಳು 235 ಮೈಲಿಗೆ ಬಾವುಟ ಬೀಸಿ ರೇಸ್ ನಿಲ್ಲಿಸಿದರು.

ಆಗ ಮುಂದಿದ್ದವನು ಜಾಕ್ಸನ್ ಕಾರಿನ ಲೀ ಲಿಂಚ್. ಅವನಿಗೆ ಟ್ರೋಫಿ ಕೊಡಲಿಲ್ಲ. ಯಾರಿಗೂ ಕೊಡಲಿಲ್ಲ. ರೇಸ್ ಪೂರ್ತಿ ಆಗಿಲ್ಲ, ಆದ್ದರಿಂದ ಗೆದ್ದವರು ಯಾರೂ ಇಲ್ಲ ಅಂದುಬಿಟ್ಟರು.

ನನ್ನ ಪ್ರಕಾರ 1909ರ ಇಡೀ ವರ್ಷದಲ್ಲಿ ಎಎಎ ತಗೊಂಡ ಅತ್ಯಂತ ಪ್ರಾಮಾಣಿಕ ನಿರ್ಧಾರ ಇದು. ಇದು ದಾಖಲೆಯೇ, ಆದರೆ ಖಾಲಿ ಬಿಟ್ಟ ದಾಖಲೆ. ಲಿಂಚ್‌ಗೆ ಅನ್ಯಾಯ ಆಯ್ತು ಅಂತ ವಾದ ಮಾಡಬಹುದು, ಪಾಪ ಅವನ ತಪ್ಪೇನು. ಆದರೆ ಮೂರು ದಿನದಲ್ಲಿ ಐದು ಜನ ಸತ್ತಿದ್ದಾರೆ, ಕೊನೆಯ ಮೂವರು ಸತ್ತು ಇನ್ನೂ ಗಂಟೆಗಳೂ ಆಗಿಲ್ಲ, ಆ ಹೊತ್ತಿನಲ್ಲಿ ಬೆಳ್ಳಿ ಕಪ್ಪು ಎತ್ತಿ ಹಿಡಿಯೋಕೆ ಯಾರಿಗಾದರೂ ಕೈ ಬರಬೇಕಲ್ಲ. ಅವತ್ತು ಅಲ್ಲಿ ನಿಂತಿದ್ದ ಜನರಿಗೆ ಖಾಲಿ ಬಿಡೋದು ಗೊತ್ತಿತ್ತು. ಹದಿನೆಂಟು ವರ್ಷದ ನಂತರ ಮೇಜಿನ ಮುಂದೆ ಕೂತವರಿಗೆ ಖಾಲಿ ಅಂದ್ರೆ ತುಂಬಬೇಕಾದ ಜಾಗ.

ಇದೇ ನನಗೂ ಮೀನ್ಸ್‌ಗೂ ಇರೋ ನಿಜವಾದ ಜಗಳ. ಅವನು ಕೂಡಿಸಿದ್ದು ತಪ್ಪು ಅಂತಲ್ಲ. ಕೂಡಿಸುವಾಗ ಏನೇನು ಬಿಟ್ಟುಹೋಗುತ್ತೆ ಅನ್ನೋದರ ಗುರುತೇ ಪಟ್ಟಿಯಲ್ಲಿ ಉಳಿಯಲ್ಲ. ಚಾಂಪಿಯನ್‌ಶಿಪ್ ಟೇಬಲ್‌ನಲ್ಲಿ ಡ್ರೈವರ್‌ಗೆ ಒಂದು ಕಾಲಂ, ಪಾಯಿಂಟಿಗೆ ಒಂದು ಕಾಲಂ. ಮೆಕ್ಯಾನಿಕ್‌ಗೆ ಕಾಲಂ ಇಲ್ಲ. ಹೋಲ್ಕೊಂಬ್ ಎಷ್ಟನೆಯವನು? ಕೆಲ್ಲಮ್ ಎಷ್ಟನೆಯವನು? ಬೋರ್ಕ್‌ಗಾದರೂ ಕ್ರೌನ್ ಪಾಯಿಂಟ್‌ನ ಎರಡನೇ ಸ್ಥಾನದ ಲೆಕ್ಕದಲ್ಲಿ ಒಂದಿಷ್ಟು ಅಂಕಿ ಸಿಗಬಹುದು. ಅವನು ಆಗಸ್ಟ್ ನಂತರದ ರೇಸುಗಳಲ್ಲಿ ಯಾಕಿಲ್ಲ ಅನ್ನೋದನ್ನು ಮಾತ್ರ ಟೇಬಲ್ ಹೇಳಲ್ಲ. ಸೊನ್ನೆ ಅಂದ್ರೆ ಸೊನ್ನೆ. ಬರಲಿಲ್ಲವೋ, ಕಾರು ಕೆಟ್ಟಿತೋ, ಸತ್ತನೋ, ಎಲ್ಲಕ್ಕೂ ಒಂದೇ ಸೊನ್ನೆ.

ಆ ಮೂರು ದಿನಗಳ ನಿಜವಾದ ಫಲಿತಾಂಶ ಬೇರೆ ಕಡೆ ದಾಖಲಾಗಿದೆ. ಟ್ರ್ಯಾಕ್ ಸರಿ ಮಾಡದೇ ಇದ್ದರೆ ಇಲ್ಲಿ ರೇಸಿಗೆ ಅನುಮತಿ ಕೊಡಲ್ಲ ಅಂತ ಎಎಎ ಎಚ್ಚರಿಸಿತು. ಆ ಶರತ್ಕಾಲದಲ್ಲಿ 63 ದಿನಗಳಲ್ಲಿ ಸುಮಾರು 32 ಲಕ್ಷ ಇಟ್ಟಿಗೆ ಹಾಸಿದರು. ಇಂಡಿಯಾನಾಪೊಲಿಸ್‌ನ ಫಿನಿಶ್ ಲೈನಿನಲ್ಲಿ ಈಗಲೂ ಒಂದು ಗಜ ಅಗಲದ ಇಟ್ಟಿಗೆ ಪಟ್ಟಿ ಉಳಿಸಿಕೊಂಡಿದ್ದಾರೆ. ಗೆದ್ದವರು ಮೊಣಕಾಲೂರಿ ಅದಕ್ಕೆ ಮುತ್ತಿಡೋ ಫೋಟೋ ನೀವು ನೋಡಿರ್ತೀರಿ. ಆ ಸಂಪ್ರದಾಯ 1996ರದ್ದು, ಹಳೆಯದೇನಲ್ಲ. ಇಟ್ಟಿಗೆ ಯಾಕೆ ಬಂತು ಅನ್ನೋದು ಮಾತ್ರ ಹಳೇದು.

ಸರಿ, ಹಾಗಾದ್ರೆ ರಾಬರ್ಟ್‌ಸನ್ನಾ, ಡಿಂಗ್ಲಿಯಾ? ವಿಮರ್ಶೆ ಅಂತ ಕೂತ ಮೇಲೆ ಇದರಿಂದ ತಪ್ಪಿಸಿಕೊಳ್ಳೋದು ಸರಿಯಲ್ಲ. ರಾಬರ್ಟ್‌ಸನ್‌ನ 1909 ಹೀಗಿತ್ತು: ಬೇಸಿಗೆಯಲ್ಲಿ ಬ್ರೈಟನ್ ಬೀಚ್‌ನ 24 ಗಂಟೆಗಳ ರೇಸನ್ನು ಅಲ್ ಪೂಲ್ ಜೊತೆ ಸಿಂಪ್ಲೆಕ್ಸ್ ಕಾರಿನಲ್ಲಿ ಗೆದ್ದ. ಸೆಪ್ಟೆಂಬರ್ 8ಕ್ಕೆ ಲೋವೆಲ್‌ನಲ್ಲಿ ಗೆದ್ದ. ಅಕ್ಟೋಬರ್ 9ಕ್ಕೆ ಫೇರ್‌ಮೌಂಟ್ ಪಾರ್ಕ್‌ನಲ್ಲಿ 200 ಮೈಲಿ ಗೆದ್ದ. ಊರಿನ ಉದ್ಯಾನದ ರಸ್ತೆಗಳಲ್ಲಿ, ಮರಗಳ ನಡುವೆ ಸುತ್ತಬೇಕಾದ ರೇಸು ಅದು. ಹಿಂದಿನ ವರ್ಷವೂ ಅಲ್ಲಿ ಅವನೇ ಗೆದ್ದಿದ್ದ. ಅದಕ್ಕೂ ಮೇಲೆ 1908ರಲ್ಲಿ ಲೋಕೊಮೊಬೈಲ್ ಕಾರಿನಲ್ಲಿ ವಾಂಡರ್‌ಬಿಲ್ಟ್ ಕಪ್ ಗೆದ್ದು, ಅಮೆರಿಕದ ಕಾರಿಗೆ ಮೊದಲ ಬಾರಿ ಆ ಕಪ್ ತಂದುಕೊಟ್ಟವನು. ಡಿಂಗ್ಲಿಯದ್ದು ಪೋರ್ಟ್‌ಲೆಂಡು, ಸಾಂಟಾ ಮೋನಿಕಾ: ಪಶ್ಚಿಮದ ಗೆಲುವುಗಳು, ಸಣ್ಣ ಕಾರಿನ ಗೆಲುವುಗಳು.

ನನ್ನನ್ನು ಕೇಳಿದರೆ ರಾಬರ್ಟ್‌ಸನ್ನೇ. ಅನುಮಾನವೇ ಇಲ್ಲ. ಬೇರೆ ಬೇರೆ ತರದ ಮೂರು ಪರೀಕ್ಷೆ, ಮೂರರಲ್ಲೂ ಅವನೇ. ಅಂದರೆ ಕ್ಯಾಟ್ಲಿನ್ ಮುಟ್ಟಿದ ಉತ್ತರವೂ ನನ್ನ ಉತ್ತರವೂ ಒಂದೇ. ಆದರೂ ಕ್ಯಾಟ್ಲಿನ್ ಮಾಡಿದ್ದು ನನಗೆ ಸರಿ ಕಾಣಲ್ಲ. ರಾಬರ್ಟ್‌ಸನ್ ದೊಡ್ಡ ಡ್ರೈವರ್ ಅಂತ ಒಂದು ಒಳ್ಳೇ ಪ್ರಬಂಧ ಬರೆದಿದ್ದರೆ ಸಾಕಿತ್ತು, ನಾವು ಒಪ್ಪುತ್ತಿದ್ದೆವು ಇಲ್ಲವೇ ಜಗಳ ಆಡುತ್ತಿದ್ದೆವು. ಅದು ಬಿಟ್ಟು ಪಟ್ಟಿಯಲ್ಲಿ ಒಂದು ಹೆಸರು ಹೊಡೆದು ಇನ್ನೊಂದು ಹೆಸರು ಬರೆದರೆ, ಅಲ್ಲಿ ವಾದಕ್ಕೆ ಜಾಗವೇ ಇಲ್ಲ. ಡಿಂಗ್ಲಿ ಹೆಸರು ಅಲ್ಲಿತ್ತು ಅನ್ನೋದು ಗೊತ್ತಿಲ್ಲದವನಿಗೆ ಅದು ಹೋದದ್ದೂ ಗೊತ್ತಾಗಲ್ಲ.

ವಾಂಡರ್‌ಬಿಲ್ಟ್ ಕಪ್ ಬಗ್ಗೆ ಹೇಳದೇ ಮುಂದೆ ಹೋದರೆ ಆ ಕಾಲದವರು ನನ್ನನ್ನು ಕ್ಷಮಿಸಲ್ಲ. ಅವರಿಗೆ ವರ್ಷದ ದೊಡ್ಡ ರೇಸ್ ಅದೇ. ಅಕ್ಟೋಬರ್ 30, ವಾಂಡರ್‌ಬಿಲ್ಟ್ ತಾನೇ ಕಟ್ಟಿಸಿದ್ದ ಖಾಸಗಿ ಟೋಲ್ ರಸ್ತೆಯನ್ನೂ ಹಳ್ಳಿ ರಸ್ತೆಗಳನ್ನೂ ಸೇರಿಸಿ 278 ಮೈಲಿ. ಗೆದ್ದವನು ಹ್ಯಾರಿ ಗ್ರಾಂಟ್, ಆಲ್ಕೊ ಕಾರಿನಲ್ಲಿ, ಗಂಟೆಗೆ ಸುಮಾರು 63 ಮೈಲಿ ಸರಾಸರಿ. ಆಲ್ಕೊ ಅಂದ್ರೆ ಅಮೆರಿಕನ್ ಲೋಕೊಮೋಟಿವ್ ಕಂಪನಿ, ರೈಲು ಎಂಜಿನ್ ಮಾಡೋರು. ಗ್ರಾಂಟ್ ಮುಂದಿನ ವರ್ಷ ಬಂದು ಮತ್ತೆ ಅದೇ ಕಪ್ ಗೆದ್ದ. ಎರಡು ವರ್ಷ ಸತತ, ದೇಶದ ಅತಿ ದೊಡ್ಡ ಟ್ರೋಫಿ. ಹಿಂದಕ್ಕೆ ಹೋಗಿ ಹಂಚಿದ ಚಾಂಪಿಯನ್‌ಗಿರಿಯಲ್ಲಿ ಅವನಿಗೆ ಎರಡು ವರ್ಷವೂ ಸಿಕ್ಕಿದ್ದು ಏನೂ ಇಲ್ಲ; 1910ರದ್ದು ರೇ ಹಾರೂನ್ ಪಾಲಾಯಿತು. 1915ರಲ್ಲಿ ಶೀಪ್ಸ್‌ಹೆಡ್ ಬೇ ಟ್ರ್ಯಾಕಿನಲ್ಲಿ ಅಭ್ಯಾಸ ಮಾಡುವಾಗ ಕಾರಿಗೆ ಬೆಂಕಿ ಹತ್ತಿ ಗ್ರಾಂಟ್ ಸತ್ತ, ಪಟ್ಟಿ ಹುಟ್ಟೋದಕ್ಕೆ ಹನ್ನೆರಡು ವರ್ಷ ಮೊದಲೇ.

1909ರ ಕತೆ ಒಂದು ಮಟ್ಟಿಗೆ ತಮಾಷೆ ಅನ್ನಿ, ಇಲ್ಲದ್ದನ್ನು ಕೊಟ್ಟರು, ಇಲ್ಲದ್ದನ್ನು ಕಿತ್ಕೊಂಡರು. ಇದೇ ಕೈಚಳಕ 1920ಕ್ಕೆ ಬಂದಾಗ ನನಗೆ ನಗು ಬರಲ್ಲ. ಯಾಕೆಂದರೆ 1920ರಲ್ಲಿ ಚಾಂಪಿಯನ್‌ಶಿಪ್ ನಿಜವಾಗಿ ಇತ್ತು. ಲೂಯಿ ಷೆವರ್ಲೆಯ ತಮ್ಮ ಗ್ಯಾಸ್ಟನ್ ಆ ವರ್ಷ ಇಂಡಿಯಾನಾಪೊಲಿಸ್ 500 ಗೆದ್ದ, ಅಣ್ಣ ಕಟ್ಟಿದ ಮನ್ರೋ ಕಾರಿನಲ್ಲಿ, ಒಂದು ಟೈರೂ ಬದಲಾಯಿಸದೆ. ನವೆಂಬರ್ 25ರಂದು ಬೆವರ್ಲಿ ಹಿಲ್ಸ್‌ನ ಮರದ ಹಲಗೆಯ ಟ್ರ್ಯಾಕಿನಲ್ಲಿ ವರ್ಷದ ಕೊನೆಯ ರೇಸು. ಅಲ್ಲಿ ಎಡ್ಡಿ ಒ'ಡಾನೆಲ್‌ನ ಕಾರಿಗೆ ಗ್ಯಾಸ್ಟನ್‌ನ ಕಾರು ಡಿಕ್ಕಿಯಾಗಿ ಇಬ್ಬರೂ ಸತ್ತರು. ಒ'ಡಾನೆಲ್‌ನ ಮೆಕ್ಯಾನಿಕ್ ಲೈಲ್ ಜಾಲ್ಸ್ ಕೂಡ. ಪಾಯಿಂಟ್ ಲೆಕ್ಕ ಹಾಕಿದಾಗ ಗ್ಯಾಸ್ಟನ್ನೇ ಮುಂದೆ, ಸತ್ತವನೇ ಆ ವರ್ಷದ ಚಾಂಪಿಯನ್ ಆದ. ಮುಂದೆ ಮೀನ್ಸ್‌ನ ಲೆಕ್ಕ ಬಂತು. ಆಗ ಚಾಂಪಿಯನ್‌ಶಿಪ್ಪಿಗೆ ಸೇರದಿದ್ದ ರೇಸುಗಳನ್ನೂ ಕೂಡಿಸಿಕೊಂಡರೆ ಟಾಮಿ ಮಿಲ್ಟನ್ ಮುಂದೆ ಬರ್ತಾನೆ. ಹಾಗಾಗಿ ಮಿಲ್ಟನ್ನೇ ಚಾಂಪಿಯನ್.

ಮಿಲ್ಟನ್ ಸಾಮಾನ್ಯನಲ್ಲ. ಒಂದು ಕಣ್ಣಿಗೆ ದೃಷ್ಟಿ ಇಲ್ಲದೇ ಓಡಿಸಿ, ಇಂಡಿಯಾನಾಪೊಲಿಸ್ 500 ಎರಡು ಸಲ ಗೆದ್ದ ಮೊದಲಿಗ. 1921ರ ಪಟ್ಟ ಅವನು ಟ್ರ್ಯಾಕ್ ಮೇಲೇ ಗೆದ್ದ. ಅವನಿಗೆ ಈ ದಾನ ಬೇಕಿರಲಿಲ್ಲ. ಗ್ಯಾಸ್ಟನ್ ವಾಪಸ್ ಬಂದು ಅಪೀಲ್ ಹಾಕೋ ಹಾಗೂ ಇರಲಿಲ್ಲ. 1909ರಲ್ಲಿ ನಿಯಮ ಇಲ್ಲದಿದ್ದ ಕಡೆ ನಿಯಮ ಹುಟ್ಟಿಸಿದರು; 1920ರಲ್ಲಿ ಇದ್ದ ನಿಯಮವನ್ನೇ ಮೀರಿದರು. ಮೊದಲನೆಯದನ್ನು ಕ್ಷಮಿಸಬಹುದು, ಎರಡನೆಯದನ್ನು ನಾನಂತೂ ಕ್ಷಮಿಸಲ್ಲ. ಇವತ್ತಿಗೂ ಒಂದೊಂದು ಪಟ್ಟಿ ಒಂದೊಂದು ಹೆಸರು ಹೇಳುತ್ತೆ, ಕೆಲವು ಎರಡನ್ನೂ ಹಾಕಿ ಕೈ ತೊಳ್ಕೊಳ್ಳುತ್ವೆ.

ಇಷ್ಟೆಲ್ಲ ಬೈದ ಮೇಲೆ ಮೀನ್ಸ್ ಪರವಾಗಿಯೂ ಒಂದು ಮಾತು ಹೇಳಬೇಕು. ಅವನಿಗೆ ಇದರಿಂದ ಏನು ಸಿಕ್ಕಿತು? ಯಾರನ್ನೋ ಮೇಲೆತ್ತೋ ಹುನ್ನಾರ ಇತ್ತು ಅಂತ ನನಗೆ ಅನ್ನಿಸಲ್ಲ. ಹಾಗಿದ್ದರೆ ಡಿಂಗ್ಲಿಯಂಥ ಯಾರೂ ನೆನಪಿಟ್ಟುಕೊಳ್ಳದ ಹೆಸರನ್ನು ಯಾಕೆ ಆರಿಸ್ತಿದ್ದ? 1911ರಲ್ಲಿ ಮೊದಲ 500 ಮೈಲಿ ರೇಸ್ ಗೆದ್ದ ಹಾರೂನ್‌ನನ್ನು ಬಿಟ್ಟು, ಆ ರೇಸಿನಲ್ಲಿ ಎರಡನೆಯವನಾದ ರಾಲ್ಫ್ ಮಲ್ಫೋರ್ಡ್‌ಗೆ ಆ ವರ್ಷದ ಪಟ್ಟ ಯಾಕೆ ಕೊಡ್ತಿದ್ದ? ಲೆಕ್ಕ ಎಲ್ಲಿಗೆ ಕರ್ಕೊಂಡು ಹೋಯಿತೋ ಅಲ್ಲಿಗೆ ಹೋದ ಹಾಗೆ ಕಾಣುತ್ತೆ. ಹಳೇ ಕಡತ ಬಿಚ್ಚಿ ಕೂತ ಗುಮಾಸ್ತನ ಪ್ರೀತಿ ಅದರಲ್ಲಿದೆ. ನನ್ನದೇ ವಿಷಯ ಹೇಳಬೇಕಂದ್ರೆ, ಡಿಂಗ್ಲಿ ಯಾರು ಅಂತ ನಾನು ಹುಡುಕಿದ್ದೇ ಅವನ ಹೆಸರು ಒಂದು ಪಟ್ಟಿಯಲ್ಲಿದ್ದು ಇನ್ನೊಂದರಲ್ಲಿ ಇಲ್ಲದ್ದಕ್ಕೆ. ಹುಡುಕ್ತಾ ಹೋದಾಗ ಬೋರ್ಕ್ ಸಿಕ್ಕಿದ, ಬೋರ್ಕ್ ಹಿಂದೆ ಹೋಲ್ಕೊಂಬ್ ಸಿಕ್ಕಿದ. ಸುಳ್ಳು ಪಟ್ಟಿ ಇಲ್ಲದಿದ್ದರೆ ನನ್ನಂಥವನು ಆ ವರ್ಷದ ಬಾಗಿಲನ್ನೇ ತಟ್ಟುತ್ತಿರಲಿಲ್ಲ. ಈ ಋಣ ಒಪ್ಪಿಕೊಳ್ಳೋಕೆ ನನಗೆ ನಾಚಿಕೆ ಇಲ್ಲ, ಸ್ವಲ್ಪ ಇರಿಸುಮುರಿಸು ಇದೆ ಅಷ್ಟೆ.

ಎಎಎ 1955ರ ನಂತರ ರೇಸಿಂಗ್‌ನಿಂದಲೇ ಕೈ ತೊಳೆದುಕೊಂಡಿತು. ಲ ಮಾನ್‌ನಲ್ಲಿ ಕಾರು ಜನರ ಮೇಲೆ ಬಿದ್ದು ಎಂಬತ್ತಕ್ಕೂ ಹೆಚ್ಚು ಮಂದಿ ಸತ್ತ ವರ್ಷ ಅದು. ಪಟ್ಟಿಗಳು ಮುಂದಿನ ಸಂಸ್ಥೆಗಳ ಕೈಗೆ ಹೋದವು, ಅಲ್ಲಿಂದ ಪುಸ್ತಕಗಳಿಗೆ, ಅಲ್ಲಿಂದ ನಮ್ಮ ಫೋನಿಗೆ. ದಾರಿಯಲ್ಲಿ ಎಲ್ಲೋ "ನಂತರ ಲೆಕ್ಕ ಹಾಕಿದ್ದು" ಅನ್ನೋ ಸಣ್ಣ ಅಕ್ಷರದ ಸಾಲು ಉದುರಿಹೋಯಿತು. ಉದುರೋದು ಯಾವಾಗಲೂ ಆ ಸಾಲೇ.

ರಾಬರ್ಟ್‌ಸನ್ 1910ರಲ್ಲಿ ವಾಂಡರ್‌ಬಿಲ್ಟ್ ಕಪ್‌ಗೆ ಅಭ್ಯಾಸ ಮಾಡ್ತಾ ಒಬ್ಬ ಪತ್ರಕರ್ತನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೋದ. ತಿರುವಿನಲ್ಲಿ ಆ ಮನುಷ್ಯ ಗಾಬರಿಯಾಗಿ ಇವನನ್ನೇ ಹಿಡ್ಕೊಂಡುಬಿಟ್ಟ. ಕಾರು ಮಗುಚಿತು, ರಾಬರ್ಟ್‌ಸನ್‌ನ ತೋಳು ಜಖಂ ಆಯಿತು, ಅಲ್ಲಿಗೆ ಅವನ ರೇಸಿಂಗ್ ಮುಗಿಯಿತು. ಇದಕ್ಕೂ ಟೇಬಲ್‌ನಲ್ಲಿ ಕಾಲಂ ಇಲ್ಲ.

1909ರ ಪುಟವನ್ನು ಮುದ್ರಿಸೋ ಕೆಲಸ ನನಗೆ ಕೊಟ್ಟರೆ ನಾನು ತಾರೀಖಿನ ಪ್ರಕಾರ ಹಾಕ್ತೀನಿ. ರೇಸು, ಊರು, ಎಷ್ಟು ಮೈಲಿ, ಯಾವ ದರ್ಜೆಯ ಕಾರು, ಗೆದ್ದವನು, ಅವನ ಪಕ್ಕದಲ್ಲಿ ಕೂತಿದ್ದವನು. ಆಗಸ್ಟ್ 19ರ ಸಾಲಿನಲ್ಲಿ ಬರ್ಮನ್ ಹೆಸರಿನ ಕೆಳಗೆ ಬೋರ್ಕ್ ಮತ್ತು ಹೋಲ್ಕೊಂಬ್. ಆಗಸ್ಟ್ 21ರ ಸಾಲಿನಲ್ಲಿ: ವೀಲರ್-ಷೆಬ್ಲರ್ ಟ್ರೋಫಿ, 235 ಮೈಲಿಗೆ ನಿಲ್ಲಿಸಲಾಯಿತು, ಟ್ರೋಫಿ ಯಾರಿಗೂ ಕೊಡಲಿಲ್ಲ. ಕೆಳಗೆ ಒಟ್ಟು ಅಂತ ಒಂದು ಸಾಲು ಇರುತ್ತಲ್ಲ, ಅದನ್ನು ಹಾಕಲ್ಲ.